ಬಿಡುವು ಯಾರಿಗೆ, ಬಿಡಾರ ಯಾರಿಗೆ?

ದಣಿದವನಿಗೆ ಬಿಡುವು ಬೇಕು. ಊರು ಬಿಟ್ಟು ಹೋದವನಿಗೆ ತಲೆ ಇಡಲು ಒಂದು ಬಿಡಾರ ಬೇಕು. ಈ ಎರಡು ಮಾತುಗಳನ್ನು ಅಲ್ಲಗಳೆಯುವವರು ನಮ್ಮ ದೇಶದಲ್ಲಿ ಯಾರೂ ಇಲ್ಲ. ಆದರೆ ಯಾರ ದಣಿವು ಲೆಕ್ಕಕ್ಕೆ ಬರುತ್ತದೆ, ಯಾರಿಗೆ ಬಿಡಾರದ ಬಾಗಿಲು ತೆರೆಯುತ್ತದೆ ಎಂಬ ಪ್ರಶ್ನೆ ಎದ್ದ ಕೂಡಲೆ ಸಮಾಜ ಎರಡು ಪಾಲಾಗಿ ನಿಲ್ಲುತ್ತದೆ. ಈ ಸಣ್ಣ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ಆರ್ಥಿಕ ವ್ಯವಸ್ಥೆಯ ಒಳಮನೆಯವರೆಗೆ ಹೋಗಬಹುದು.

ಈಗ ಎಲ್ಲರ ಕೈಯಲ್ಲಿಯೂ ಇರುವ ಫೋನಿನ ಮೇಲೆ ದಿನವೂ ಒಂದು ಜಾಹೀರಾತು ಬರುತ್ತದೆ. ಬೆಂಗಳೂರಿನ ನಟ್ಟನಡುವೆ ಎರಡು ದಿನ, ಮೂರು ದಿನ ತಂಗಲು ಸಜ್ಜಾದ ಮನೆ ಇದೆ. ಹಾಸಿಗೆ, ಅಡಿಗೆಮನೆ, ಬಟ್ಟೆ ಒಗೆಯುವ ಯಂತ್ರ, ಕಸ ಗುಡಿಸುವ ಆಳು ಎಲ್ಲವೂ ಉಂಟು. ಬಂದು ದಣಿವಾರಿಸಿಕೊಳ್ಳಿ ಎಂದು ಕರೆಯುತ್ತದೆ. ಇದಕ್ಕೆ ಸರ್ವೀಸ್ ಅಪಾರ್ಟ್‌ಮೆಂಟ್ ಎಂದು ಹೆಸರು. ಹೋಟೆಲಿನ ಕೊಠಡಿಯೂ ಅಲ್ಲ, ಬಾಡಿಗೆ ಮನೆಯೂ ಅಲ್ಲ, ಎರಡರ ನಡುವಿನದು. ಮೊದಮೊದಲು ಕಂಪೆನಿಯ ಕೆಲಸಕ್ಕೆ ತಿಂಗಳುಗಟ್ಟಲೆ ಬಂದು ಇರುವವರಿಗಾಗಿ ಇಂಥವನ್ನು ನಡೆಸುತ್ತಿದ್ದರು. ಈಗ ವಾರಾಂತ್ಯದ ವಿಹಾರಕ್ಕೆ ಬರುವ ಅನುಕೂಲಸ್ಥರ ಕುಟುಂಬಗಳಿಗೂ ಮಾರುತ್ತಿದ್ದಾರೆ. ತುಮಕೂರಿನಿಂದ ಬೆಂಗಳೂರಿಗೆ ಇರುವುದು 70 ಕಿಲೋಮೀಟರ್ ಮಾತ್ರ. ರಾಜಧಾನಿಯ ಪದ್ಧತಿ ಜಿಲ್ಲೆಯ ಊರಿಗೆ ಬರಲು ಬಹಳ ಕಾಲ ಬೇಕಿಲ್ಲ.

ಈ ಮನೆಗಳ ಮೇಲೆ ನಮಗೆ ದ್ವೇಷವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಡತನವನ್ನು ಹಂಚುವುದೇ ಸಮಾಜವಾದ ಎಂದು ತಿಳಿದವರು ಹಾಗೆ ತಿಳಿದುಕೊಳ್ಳಲಿ. ಒಂದು ಹಾಸಿಗೆಯ ಜೊತೆಗೆ ಒಂದು ಒಲೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು, ಮಕ್ಕಳು ಓಡಾಡಲು ನಾಲ್ಕು ಗಜ ಜಾಗ: ಇವು ಒಳ್ಳೆಯ ವಸ್ತುಗಳು. ಲಾಡ್ಜಿನ ಕತ್ತಲೆ ಕೋಣೆಯಲ್ಲಿ ಮಗುವಿಗೆ ಗಂಜಿ ಕಾಯಿಸಲಾಗದೆ ಪರದಾಡಿದ ತಾಯಿಗೆ ಈ ಒಲೆಯ ಬೆಲೆ ಗೊತ್ತು. ಇಷ್ಟು ಒಳ್ಳೆಯ ಏರ್ಪಾಡು ಇಷ್ಟು ಕಡಮೆ ಜನಕ್ಕೆ ಏಕೆ ದಕ್ಕುತ್ತಿದೆ ಎಂಬುದೇ ನಮ್ಮ ತಕರಾರು.

ಹದಿನೇಳು ದಿನದ ಕೂಲಿ

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 3,000 ರೂಪಾಯಿಯ ಒಂದು ಸಾಧಾರಣ ಮನೆ ಎಂದಿಟ್ಟುಕೊಳ್ಳಿ. ಎರಡು ರಾತ್ರಿಗೆ 6,000. ಅದರ ಮೇಲೆ ನೂರಕ್ಕೆ ಐದರಂತೆ ಜಿ.ಎಸ್.ಟಿ. 300, ಒಟ್ಟು 6,300 ರೂಪಾಯಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಎಂದು ಗೊತ್ತುಪಡಿಸಿದ್ದು 370 ರೂಪಾಯಿ. ಪಾವಗಡದ ಕೆರೆಯ ಹೂಳೆತ್ತುವ ಒಬ್ಬ ಹೆಣ್ಣುಮಗಳು ಆ ಮನೆಯಲ್ಲಿ ಎರಡು ರಾತ್ರಿ ಮಲಗಬೇಕಾದರೆ ಹದಿನೇಳು ದಿನ ಮಣ್ಣು ಹೊರಬೇಕು. ಆ ಹದಿನೇಳು ದಿನವೂ ಅವಳ ಮನೆಯವರು ಉಪವಾಸವಿರಬೇಕು. ಬಸ್ಸಿನ ಖರ್ಚು, ಊಟದ ಖರ್ಚು ಇದಕ್ಕೆ ಸೇರಿಲ್ಲ.

ಅವಳಿಗೇಕೆ ಅಂಥ ಮನೆ ಎಂದು ಕೇಳುವವರು ಇದ್ದಾರೆ. ಅವರಿಗೆ ನಮ್ಮ ಸಂವಿಧಾನವನ್ನು ತೋರಿಸಬೇಕಾಗಿದೆ. ಅದರ 43ನೆಯ ವಿಧಿಯಲ್ಲಿ ರಾಜ್ಯ ಸರ್ಕಾರಗಳಿಗೂ ಕೇಂದ್ರಕ್ಕೂ ಒಂದು ಕರ್ತವ್ಯವನ್ನು ವಿಧಿಸಿದೆ: ದುಡಿಯುವ ಎಲ್ಲರಿಗೂ ಬದುಕಲು ಸಾಲುವ ಕೂಲಿ ಸಿಗಬೇಕು, ಅಷ್ಟೇ ಅಲ್ಲ, ಬಿಡುವಿನ ಪೂರ್ಣ ಸುಖವೂ, ಸಾಮಾಜಿಕ ಸಾಂಸ್ಕೃತಿಕ ಅವಕಾಶಗಳೂ ಸಿಗಬೇಕು. ಕೃಷಿಯಲ್ಲಿ ದುಡಿಯುವವರನ್ನು ಅದು ಬೇರೆಯಾಗಿಯೇ ಹೆಸರಿಸಿದೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿಯೂ ಸಂಬಳ ಸಹಿತ ರಜೆಯನ್ನು ಹಕ್ಕೆಂದು ಸಾರಿದೆ. ಅದನ್ನು ಬರೆದವರು ಹುಡುಗಾಟಕ್ಕೆ ಬರೆಯಲಿಲ್ಲ. ಬರೀ ದುಡಿಮೆ, ನಿದ್ದೆ, ಮತ್ತೆ ದುಡಿಮೆ ಎಂಬ ಬಾಳು ಎತ್ತಿನ ಬಾಳೇ ಹೊರತು ಪ್ರಜೆಯ ಬಾಳಲ್ಲ ಎಂದು ಅವರು ಅರಿತಿದ್ದರು.

ಬಿಡುವನ್ನು ಯಾರೂ ದಾನವಾಗಿ ಕೊಡಲಿಲ್ಲ

ಚರಿತ್ರೆಯನ್ನು ಸ್ವಲ್ಪ ನೆನೆಯೋಣ. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಲಿಯೋ ಬ್ಲೂಮ್ ನೇತೃತ್ವದ ಜನತಾ ರಂಗದ ಸರ್ಕಾರ ಜೂನ್ ತಿಂಗಳಲ್ಲಿ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆಯನ್ನೂ, ವಾರಕ್ಕೆ 40 ಗಂಟೆಯ ದುಡಿಮೆಯನ್ನೂ ಶಾಸನ ಮಾಡಿತು. ಅಲ್ಲಿಗೇ ನಿಲ್ಲಲಿಲ್ಲ. ರಜೆ ಕೊಟ್ಟ ಮೇಲೆ ಹೋಗುವುದು ಹೇಗೆ ಎಂದು ಯೋಚಿಸಿ, ಬಿಡುವಿನ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಲಿಯೋ ಲಾಗ್ರಾಂಜ್ ಎಂಬ ಸಮಾಜವಾದಿ ಕಾರ್ಮಿಕರಿಗೆ ರೈಲು ದರದಲ್ಲಿ ನೂರಕ್ಕೆ ನಲವತ್ತು ಸೋಡಿ ಕೊಡಿಸಿದರು. ಅದುವರೆಗೆ ಕಡಲನ್ನೇ ಕಾಣದಿದ್ದ ಜನ ಆ ವರ್ಷ ಕಡಲನ್ನು ಕಂಡರು. ಪತ್ರಿಕೆಗಳಲ್ಲಿ ಸಿರಿವಂತರ ಕಡೆಯವರು ಇವರನ್ನು ಗೇಲಿ ಮಾಡಿದರೆಂಬುದೂ ಉಂಟು. ರಜೆ ಕೊಟ್ಟರೆ ಸಾಲದು, ಹೋಗಲು ದಾರಿ ಬೇಕು, ಇಳಿಯಲು ತಾವು ಬೇಕು ಎಂಬ ಪಾಠ ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ವರ್ಷದಲ್ಲಿ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೆ ಒಂದರಂತೆ ಸಂಬಳದ ರಜೆ ಕೊಟ್ಟಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ 240 ದಿನವನ್ನು 180ಕ್ಕೆ ಇಳಿಸಿದ್ದಾರೆ; ಇದು ಒಳ್ಳೆಯದೇ. ಆದರೆ ಗುತ್ತಿಗೆದಾರನ ಪುಸ್ತಕದಲ್ಲಿ ಆರು ತಿಂಗಳಿಗೊಮ್ಮೆ ಹೆಸರು ಅಳಿಸಿ ಬರೆಯುವ ಪದ್ಧತಿ ಇರುವ ತನಕ 180 ಆದರೇನು, 240 ಆದರೇನು? ಗಾರೆ ಕೆಲಸದವನಿಗೆ, ಮನೆಗೆಲಸದವಳಿಗೆ, ಮೋಟಾರ್ ಸೈಕಲ್ಲಿನ ಮೇಲೆ ಊಟದ ಡಬ್ಬಿ ಹೊತ್ತು ಓಡುವ ಹುಡುಗನಿಗೆ ಯಾರು ರಜೆ ಕೊಡಬೇಕು? ಅವನಿಗೆ ಯಜಮಾನನೇ ಕಾಣುವುದಿಲ್ಲ. ಕಾಣುವುದು ಫೋನು ಮಾತ್ರ.

ಇತ್ತ ದೊಡ್ಡವರ ಮಾತು ಬೇರೆ ದಿಕ್ಕಿಗೆ ಹೊರಟಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪೆನಿಯ ಅಧ್ಯಕ್ಷರು 90 ಗಂಟೆಯ ಮಾತಾಡಿ, ಭಾನುವಾರವನ್ನೂ ಬಿಡಲಿಲ್ಲ. ನಮ್ಮ ರಾಜ್ಯದ ಶಾಸನ ಸಭೆಯೂ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಒಂದು ಕೈಯಿಂದ ಬಿಡುವನ್ನು ಕಿತ್ತುಕೊಳ್ಳುವುದು, ಇನ್ನೊಂದು ಕೈಯಿಂದ ಅದನ್ನೇ ದಿನಕ್ಕೆ ಇಷ್ಟು ರೂಪಾಯಿ ಎಂದು ಮಾರುವುದು. ಇದೇ ಬಂಡವಾಳದ ಜಾಣತನ. ದಣಿಸುವವರೂ ಅವರೇ, ದಣಿವಿಗೆ ಮದ್ದು ಮಾರುವವರೂ ಅವರೇ!

ಗುಬ್ಬಿಯವರು ಕಟ್ಟಿದ ಛತ್ರ

ಊರ ನಡುವೆ ಬಿಡಾರ ಎಂಬ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇಳಿದವರೆಲ್ಲರೂ ಗುಬ್ಬಿ ತೋಟದಪ್ಪ ರಸ್ತೆ ಎಂಬ ಹೆಸರನ್ನು ಓದಿದ್ದಾರೆ. ಆತ ಯಾರೆಂದು ಕೇಳಿದವರು ಕಡಮೆ. 1838ರಲ್ಲಿ ಹುಟ್ಟಿದ ತೋಟದಪ್ಪನವರು ಗುಬ್ಬಿ ಮೂಲದ ವ್ಯಾಪಾರಿ. ರೈಲಿನಲ್ಲಿ ಬಂದಿಳಿದ ಪರಸ್ಥಳದವರು ತಂಗಲು ಜಾಗವಿಲ್ಲದೆ ಕಷ್ಟಪಡುವುದನ್ನು ಕಂಡು, 1897ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರಿಗೇ ಜಮೀನು ಕೊಂಡರು. ಅಲ್ಲಿ ಕಟ್ಟಿದ ಧರ್ಮಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ತೆರೆಯಿತು. ದಾರಿಹೋಕರಿಗೆ ತಂಗುದಾಣ, ಬಡ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ಎಂದು ಆಸ್ತಿಯನ್ನು ಧರ್ಮಸಂಸ್ಥೆಗೆ ಬಿಟ್ಟು 1910ರಲ್ಲಿ ತೀರಿಕೊಂಡರು. ಇಂದು ಆ ಸುತ್ತಿನಲ್ಲಿ ಒಂದು ಗಜ ನೆಲದ ಬೆಲೆ ಏನೆಂದು ವಿಚಾರಿಸಿ ನೋಡಿ. ನಗರದ ನಡುವಿನ ಅತಿ ಬೆಲೆಬಾಳುವ ನೆಲವನ್ನು ಲಾಭಕ್ಕೆ ಇಡದೆ, ಗುರುತು ಪರಿಚಯವಿಲ್ಲದ ದಾರಿಹೋಕನಿಗೆ ಬಿಡಬೇಕೆಂದು ಒಬ್ಬ ವ್ಯಾಪಾರಿಗೆ ತೋಚಿತು. ಜನರ ಮತ ಪಡೆದು ಬಂದ ಸರ್ಕಾರಗಳಿಗೆ ಅದು ತೋಚುತ್ತಿಲ್ಲ.

ನಮ್ಮ ಊರಿನ ಮಗ್ಗುಲಲ್ಲಿಯೇ ಇರುವ ಸಿದ್ಧಗಂಗೆಯನ್ನೂ ಹೇಳಬೇಕು. 2019ರ ಜನವರಿ 21ರಂದು 111ರ ವಯಸ್ಸಿನಲ್ಲಿ ಅಗಲಿದ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರಗಳ ಜೊತೆಗೆ ಆಶ್ರಯವನ್ನೂ ದಾಸೋಹವೆಂದೇ ಎಣಿಸಿದವರು. ಸಾವಿರಾರು ಬಡ ಮಕ್ಕಳು ಅಲ್ಲಿ ಜಾತಿಭೇದವಿಲ್ಲದೆ ಉಂಡು, ಮಲಗಿ, ಓದಿದರು. ದುಡ್ಡಿಲ್ಲದವನಿಗೆ ತಾವು ಕೊಡುವುದು ಸಾಧ್ಯವಿಲ್ಲ ಎಂದು ಯಾವ ಅಧಿಕಾರಿಯೂ ತುಮಕೂರಿನಲ್ಲಿ ನಿಂತು ಹೇಳುವಂತಿಲ್ಲ. ಕ್ಯಾತ್ಸಂದ್ರದ ಕಡೆ ಕೈ ತೋರಿಸಿದರೆ ಸಾಕು, ಉತ್ತರ ಸಿಗುತ್ತದೆ.

ಹಾಗೆಂದು ಹಳೆಯ ಛತ್ರಗಳ ಕಾಲವನ್ನು ಕೊಂಡಾಡಿ ಕೂಡುವುದು ನಮ್ಮ ಉದ್ದೇಶವಲ್ಲ. ನಾಡಿನ ಎಷ್ಟೋ ಛತ್ರಗಳು ಜಾತಿಯ ಛತ್ರಗಳಾಗಿದ್ದವು. ಇಂಥವರಿಗೆ ಒಳಪಡಸಾಲೆ, ಇಂಥವರಿಗೆ ಹೊರಜಗಲಿ, ಇಂಥವರಿಗೆ ಬೇಲಿಯ ಹೊರಗೆ ಎಂದು ಪಾರುಪತ್ತೇಗಾರನೇ ಗೆರೆ ಎಳೆಯುತ್ತಿದ್ದ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡೆಗೆ ನೌಕರಿಗೆ ಹೋದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರಸಿಗಳ ವಸತಿಗೃಹವೊಂದರಲ್ಲಿ ಇದ್ದರು. ಕೆಲವೇ ದಿನಗಳಲ್ಲಿ ಬಡಿಗೆ ಹಿಡಿದು ಬಂದವರು ಅವರನ್ನು ಅಲ್ಲಿಂದ ಹೊರಡಿಸಿದರು. ಆ ದೊಡ್ಡ ಮನುಷ್ಯ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಕಣ್ಣೀರಿಟ್ಟರು. ಬಿಡಾರದ ಪ್ರಶ್ನೆ ಮಾನದ ಪ್ರಶ್ನೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸಂವಿಧಾನದ 15ನೆಯ ವಿಧಿ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಮುಸಾಫಿರ್ ಖಾನೆಗಳ ಹೆಸರನ್ನೇ ಎತ್ತಿ ಬಹಿಷ್ಕಾರವನ್ನು ಅಪರಾಧ ಮಾಡಿತು.

ಕಾನೂನು ಜಾತಿಯ ಬೀಗ ತೆಗೆಯಿತು. ಆ ಜಾಗಕ್ಕೆ ಬೆಲೆಯ ಬೀಗ ಬಂತು. ಈಗಿನ ಸಜ್ಜಾದ ಮನೆಯವನು ನಿಮ್ಮ ಜಾತಿ ಕೇಳುವುದಿಲ್ಲ, ಕಾರ್ಡು ಕೇಳುತ್ತಾನೆ. ಎಷ್ಟೋ ಕಡೆ ಹೆಸರು ನೋಡಿಯೇ ಕೋಣೆ ಖಾಲಿಯಿಲ್ಲ ಎನ್ನುವ ಕೆಟ್ಟ ಚಾಳಿಯೂ ಇನ್ನೂ ಸತ್ತಿಲ್ಲ. ಒಂಟಿ ಹೆಂಗಸಿಗೆ ಲಾಡ್ಜಿನ ಗುಮಾಸ್ತ ಕೇಳುವ ಪ್ರಶ್ನೆಗಳನ್ನು ಪೋಲೀಸಿನವರೂ ಕೇಳಲಾರರು. ಹಳೆಯ ಗೆರೆಗಳು ಅಳಿಸದೆ ಉಳಿದಿರುವಾಗಲೇ ಹೊಸ ಗೆರೆ ಅದರ ಮೇಲೆ ಬಿದ್ದಿದೆ.

ಬಸ್ಸು ಪುಕ್ಕಟೆ, ರಾತ್ರಿ ಎಲ್ಲಿ?

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರು ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಟಿಕೇಟಿನ ದುಡ್ಡಿಲ್ಲದೆ ಹೋಗಬಹುದಾಯಿತು. ಬಾಳಿನಲ್ಲಿ ತವರು ಮತ್ತು ಸಂತೆ ಬಿಟ್ಟು ಬೇರೆ ಊರು ನೋಡದ ಹೆಂಗಸರು ಧರ್ಮಸ್ಥಳಕ್ಕೆ, ಮೈಸೂರಿಗೆ, ಹಂಪೆಗೆ ಹೊರಟರು. ಪೇಟೆಯ ಮೆತ್ತನೆ ಕುರ್ಚಿಗಳ ಮೇಲೆ ಕುಳಿತವರು ಮೂಗು ಮುರಿದರು. ಪುಕ್ಕಟೆ ಬಸ್ಸಿನಲ್ಲಿ ತಿರುಗಿ ಮನೆ ಹಾಳು ಮಾಡುತ್ತಾರೆ ಎಂದರು. ಎರಡು ದಿನದ ವಿಹಾರ ತಮಗೆ ಆರೋಗ್ಯ, ಕೂಲಿಯವಳಿಗೆ ಅದೇ ದುಂದು! ಈ ತರ್ಕಕ್ಕೆ ಏನೆಂದು ಹೆಸರಿಡೋಣ?

ಆದರೆ ಈ ಯೋಜನೆ ಅರ್ಧ ದಾರಿಯಲ್ಲಿ ನಿಂತಿದೆ ಎಂಬುದನ್ನೂ ಹೇಳಬೇಕು. ಹೋಗುವುದು ಪುಕ್ಕಟೆಯಾಯಿತು, ಇಳಿದ ಮೇಲೆ ರಾತ್ರಿ ಕಳೆಯುವುದೆಲ್ಲಿ? ದೇವಸ್ಥಾನದ ಊರಾದರೆ ಛತ್ರವೋ ಪ್ರಾಂಗಣವೋ ಇದ್ದೀತು. ದೇವರ ಊರಲ್ಲದ ಊರಿಗೆ ಹೋದವಳಿಗೆ ಬಸ್ ನಿಲ್ದಾಣದ ಸಿಮೆಂಟು ಬೆಂಚೇ ಗತಿ. ಹಾಗಾಗಿ ಬಡವರಿಗೆ ವಿಹಾರವೆಂದರೆ ಯಾತ್ರೆಯೇ ಆಗಿ ಉಳಿದಿದೆ. ಅವರ ಭಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಲಗಲು ತಾವಿದೆ ಎಂಬ ಕಾರಣಕ್ಕೇ ದೇವರ ಊರನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಯಾವ ಪ್ರಜಾಪ್ರಭುತ್ವಕ್ಕೂ ಶೋಭೆಯಲ್ಲ.

ಶಿರಾ ಗೇಟಿನ ಮಾತನ್ನೇ ತೆಗೆದುಕೊಳ್ಳಿ. ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆಯಿಂದ ಹಳೆಯ ಪೂನಾ ರಸ್ತೆಯಲ್ಲಿ ಬಂದವರಿಗೆ ಊರಿನ ಬಾಯಿ ಇದೇ. ಇಲ್ಲಿ ಇಳಿಯುವವರು ಯಾರು? ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ತಂದ ರೈತ; ಜಿಲ್ಲಾ ಆಸ್ಪತ್ರೆಯಲ್ಲಿ ಮಲಗಿರುವ ಗಂಡನನ್ನು ನೋಡಲು ಬಂದ ಹೆಂಡತಿ; ಕೋರ್ಟಿನ ವಾಯಿದೆಗೆ ಬಂದ ಕಕ್ಷಿದಾರ; ಪರೀಕ್ಷೆ ಬರೆಯಲು ಬಂದ ಹುಡುಗಿ; ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹುಡುಕಿ ಬಂದ ಹುಡುಗ. ಹತ್ತು ತಾಲ್ಲೂಕುಗಳ ಜಿಲ್ಲೆ ನಮ್ಮದು. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು ನೂರು ಕಿಲೋಮೀಟರ್ ದೂರ. ಕೆಲಸ ಒಂದೇ ದಿನದಲ್ಲಿ ಮುಗಿಯದಿದ್ದರೆ ಇವರು ಮಲಗಬೇಕಾದದ್ದು ಎಲ್ಲಿ? ಆಸ್ಪತ್ರೆಯ ಮೊಗಸಾಲೆಯಲ್ಲಿ, ಅಂಗಡಿಯ ಜಗಲಿಯ ಮೇಲೆ, ಮಾರುಕಟ್ಟೆಯ ಮೂಟೆಗಳ ನಡುವೆ. ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್, ಜಯದೇವ ಆಸ್ಪತ್ರೆಗಳಿಗೆ ರೋಗಿಗಳನ್ನು ಕರೆದೊಯ್ದ ನಮ್ಮ ಹಳ್ಳಿಯವರಿಗೂ ಇದೇ ಅನುಭವ. ಒಲೆಯಿರುವ ಕೋಣೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಇವರಿಗೆ. ವಾರಗಟ್ಟಲೆ ಹೋಟೆಲಿನಲ್ಲಿ ಉಣ್ಣಲು ಇವರಲ್ಲಿ ದುಡ್ಡಿಲ್ಲ, ರೋಗಿಗೆ ಹೋಟೆಲಿನ ಅನ್ನ ಆಗುವುದಿಲ್ಲ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿತು. 2025ರ ಮಾರ್ಚಿಗೆ ಕೇಂದ್ರದ ಆ ಕಾರ್ಯಕ್ರಮ ಮುಗಿಯಿತು. ರಸ್ತೆ ಅಗೆದದ್ದನ್ನೂ ಮುಚ್ಚಿದ್ದನ್ನೂ ಊರಿನವರು ಕಣ್ಣಾರೆ ಕಂಡಿದ್ದಾರೆ. ಆ ಹಣದಲ್ಲಿ ಪರಸ್ಥಳದ ಬಡವನೊಬ್ಬ ರಾತ್ರಿ ಮಲಗುವುದಕ್ಕೆ ಎಷ್ಟು ಹಾಸಿಗೆ ಹಾಕಿದಿರಿ ಎಂದು ನಗರಪಾಲಿಕೆಯನ್ನು ಕೇಳುವ ಹಕ್ಕು ಪ್ರತಿಯೊಬ್ಬ ಪೌರನಿಗೂ ಇದೆ.

ತೆರಿಗೆಯ ತಕ್ಕಡಿ

ಬಡವನ ಕೋಣೆಯನ್ನು ಸರ್ಕಾರ ಹೇಗೆ ನೋಡುತ್ತದೆ ಎಂಬುದಕ್ಕೆ ಜಿ.ಎಸ್.ಟಿ.ಯ ಕತೆಯೇ ಸಾಕು. 2022ರ ಜುಲೈ ತನಕ ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ತೆರಿಗೆಯಿರಲಿಲ್ಲ. ಆ ತಿಂಗಳ 18ರಿಂದ ಅದಕ್ಕೂ ನೂರಕ್ಕೆ ಹನ್ನೆರಡರಂತೆ ತೆರಿಗೆ ಹೂಡಿದರು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಎಲ್ಲ ಕೋಣೆಗಳ ತೆರಿಗೆಯನ್ನೂ ಐದಕ್ಕೆ ಇಳಿಸಿ, ದೊಡ್ಡ ಉಪಕಾರವೆಂದು ಸಾರಿದರು. ತಕ್ಕಡಿಯಲ್ಲಿಟ್ಟು ತೂಗಿ ನೋಡಿ. 7,000 ರೂಪಾಯಿಯ ಕೋಣೆ ಹಿಡಿದವನಿಗೆ 840 ಇದ್ದ ತೆರಿಗೆ 350 ಆಯಿತು. ಅವನಿಗೆ ದಿನಕ್ಕೆ 490 ರೂಪಾಯಿ ಉಳಿತಾಯ. 900 ರೂಪಾಯಿಯ ಕೋಣೆ ಹಿಡಿದವನಿಗೆ 108 ಇದ್ದದ್ದು 45 ಆಯಿತು. ಆದರೆ 2022ಕ್ಕೆ ಮುಂಚೆ ಅವನು ಕೊಡುತ್ತಿದ್ದುದು ಸೊನ್ನೆ! ಸಿರಿವಂತನಿಗೆ ಮೊದಲಿಗಿಂತ ಸಲೀಸಾಯಿತು, ಬಡವನಿಗೆ ಮೊದಲಿಲ್ಲದ ಹೊರೆ ಉಳಿಯಿತು. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಮಾಡುವ ಸಣ್ಣ ಲಾಡ್ಜಿಗೆ ನೋಂದಣಿ ಬೇಕಿಲ್ಲ ಎಂಬುದು ನಿಜ. ಆದರೆ ಎಲ್ಲ ಅಗ್ಗದ ಲಾಡ್ಜುಗಳೂ ಅಷ್ಟು ಸಣ್ಣವಲ್ಲ.

ಹಾಸ್ಟೆಲುಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. 2023ರಲ್ಲಿ ಕರ್ನಾಟಕದ ತೆರಿಗೆ ಪ್ರಾಧಿಕಾರವೊಂದು ಹಾಸ್ಟೆಲಿನ ಬಾಡಿಗೆಗೂ ತೆರಿಗೆ ಉಂಟೆಂದು ತೀರ್ಪಿತ್ತಿತು. ಗದ್ದಲವೆದ್ದ ಮೇಲೆ 2024ರ ಜೂನಿನಲ್ಲಿ ಜಿ.ಎಸ್.ಟಿ. ಮಂಡಳಿ, ತಲೆಗೆ ತಿಂಗಳಿಗೆ 20,000 ರೂಪಾಯಿವರೆಗೆ ವಿನಾಯಿತಿ ಕೊಡಲು ಒಪ್ಪಿತು. ಆದರೆ ಒಂದೇ ಸಮನೆ 90 ದಿನ ಇರಬೇಕೆಂಬ ನಿಬಂಧನೆ ಹಾಕಿತು. ಇಪ್ಪತ್ತು ದಿನ ಆಸ್ಪತ್ರೆಯ ಬಳಿ ಇರುವವನು, ಒಂದು ತಿಂಗಳ ತರಬೇತಿಗೆ ಬಂದವಳು ಈ ಲೆಕ್ಕಕ್ಕೆ ಬರುವುದಿಲ್ಲ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಕಸಿಯುತ್ತಾರೆ ಎಂಬ ಹಳೆಯ ಪಾಠವೇ ಇಲ್ಲಿಯೂ.

ಮನೆ ಹೋಟೆಲಾದರೆ ಬಾಡಿಗೆದಾರ ಎಲ್ಲಿಗೆ?

ಇನ್ನೊಂದು ಅಪಾಯವನ್ನು ಈಗಲೇ ಗಮನಿಸಬೇಕು. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಹೆಚ್ಚು ಗಿಟ್ಟುತ್ತದೆ ಎಂದು ತಿಳಿದ ಮನೆಯ ಮಾಲೀಕ, ಸಂಸಾರಸ್ಥನನ್ನು ಬಿಡಿಸಿ ವಿಹಾರಕ್ಕೆ ಬಂದವರಿಗೆ ಮನೆ ಕೊಡುತ್ತಾನೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಹೀಗೆಯೇ ಆಗಿ, ಊರಿನವರಿಗೇ ಬಾಡಿಗೆ ಮನೆ ಸಿಗದಂತಾಯಿತು. 2024ರ ಜೂನಿನಲ್ಲಿ ಅಲ್ಲಿಯ ಮೇಯರು, 2028ರ ನವೆಂಬರಿನೊಳಗೆ ಸುಮಾರು ಹತ್ತು ಸಾವಿರ ಪ್ರವಾಸಿ ಮನೆಗಳ ಲೈಸೆನ್ಸನ್ನು ಮುಂದುವರಿಸದೆ ನಿಲ್ಲಿಸುವುದಾಗಿ ಸಾರಿದರು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಇಂಥ ಬಾಡಿಗೆಗಳಿಗೆ ಬಿಗಿಯಾದ ನೋಂದಣಿ ಕಾನೂನು ಜಾರಿ ಮಾಡಿತು. ತುಮಕೂರು ಬಾರ್ಸಿಲೋನಾ ಅಲ್ಲ, ನಿಜ. ಆದರೆ ವಸಂತನರಸಾಪುರ ಬೆಳೆಯುತ್ತಿದೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೊರಗಿನಿಂದ ಬರುವ ದೊಡ್ಡ ಸಂಬಳದವರಿಗಾಗಿ ಮನೆಗಳು ಸಜ್ಜಾಗತೊಡಗಿದರೆ ಶಾಲೆಯ ಮೇಷ್ಟರು, ಅಂಗಡಿಯ ಗುಮಾಸ್ತ, ಗಾರ್ಮೆಂಟ್ಸಿನ ಹೆಣ್ಣುಮಗಳು ಊರಿನ ಅಂಚಿನಾಚೆಗೆ ಸರಿಯಬೇಕಾಗುತ್ತದೆ. ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು.

ಆ ಸಜ್ಜಾದ ಮನೆಯ ಒಳಗೆ ಇನ್ನೊಬ್ಬಳಿದ್ದಾಳೆ. ಜಾಹೀರಾತಿನ ಚಿತ್ರದಲ್ಲಿ ಅವಳು ಕಾಣುವುದಿಲ್ಲ. ಬಂದವರು ಎದ್ದು ಹೋದ ಮೇಲೆ ಹಾಸಿಗೆಯ ಬಟ್ಟೆ ಬದಲಿಸಿ, ಪಾತ್ರೆ ತೊಳೆದು, ಕಕ್ಕಸು ಉಜ್ಜಿ, ಮುಂದಿನವರು ಬರುವುದರೊಳಗೆ ಮನೆಯನ್ನು ಹೊಸದು ಮಾಡುವವಳು ಅವಳು. ಬಿಡುವಿನ ವ್ಯಾಪಾರ ನಿಂತಿರುವುದು ಬಿಡುವಿಲ್ಲದ ಅವಳ ಎರಡು ಕೈಗಳ ಮೇಲೆ. ಶನಿವಾರ ಭಾನುವಾರಗಳೇ ಅವಳಿಗೆ ಹೆಚ್ಚು ಕೆಲಸದ ದಿನಗಳು. ಅವಳು ಎರಡು ದಿನ ಎಲ್ಲಾದರೂ ಹೋಗಿ ಕಾಲು ಚಾಚುವ ದಿನ ಬಂದರೆ ನಾವು ಸಮಾಜವಾದದ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟೆವೆಂದು ಹೇಳಬಹುದು.

ಏನು ಮಾಡಬೇಕು?

ಬರೀ ದೂರಿ ಸುಮ್ಮನಾಗುವುದು ನಮ್ಮ ಕೆಲಸವಲ್ಲ. ಮಾಡಬಹುದಾದದ್ದನ್ನು ಹೇಳುತ್ತೇವೆ.

ಒಂದನೆಯದು: ತಾಲ್ಲೂಕುಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಿವೆ. ಸಾಹೇಬರ ಸವಾರಿಗೆಂದು ಆರಂಭವಾದ ಈ ಬಂಗಲೆಗಳು ಈಗ ಮಂತ್ರಿಗಳ, ಅಧಿಕಾರಿಗಳ, ಪಕ್ಷದ ಮುಖಂಡರ ಬಿಡಾರವಾಗಿವೆ. ಕೇರಳದ ಸರ್ಕಾರ 2021ರ ನವೆಂಬರ್ 1ರಿಂದ ಇಂಥ ವಿಶ್ರಾಂತಿಗೃಹಗಳನ್ನು ಜನರ ವಿಶ್ರಾಂತಿಗೃಹಗಳೆಂದು ಕರೆದು, ಯಾರು ಬೇಕಾದರೂ ಫೋನಿನಲ್ಲಿಯೇ ಕಾಯ್ದಿರಿಸಿಕೊಳ್ಳುವಂತೆ ಮಾಡಿತು. ಇಲ್ಲಿಯೂ ಅದನ್ನೇ ಮಾಡಲಿ. ದರದ ಪಟ್ಟಿಯನ್ನು ಬಾಗಿಲಿಗೆ ತೂಗುಹಾಕಲಿ.

ಎರಡನೆಯದು: ತುಮಕೂರು ನಗರಪಾಲಿಕೆ ಶಿರಾ ಗೇಟಿನ ಕಡೆ ಒಂದು, ಜಿಲ್ಲಾ ಆಸ್ಪತ್ರೆಯ ಬಳಿ ಒಂದು ಸಾರ್ವಜನಿಕ ಬಿಡಾರ ಕಟ್ಟಲಿ. ಅದರಲ್ಲಿ ಕೋಣೆಗಳೂ ಇರಲಿ, ಸಾಮೂಹಿಕ ಅಡಿಗೆಮನೆಯೂ ಇರಲಿ, ಬೀಗ ಹಾಕುವ ಕಪಾಟೂ ಇರಲಿ. ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆ ಬೇಕು. ಕೊಚ್ಚಿ ನಗರಪಾಲಿಕೆ ಹೆಂಗಸರಿಗಾಗಿಯೇ ಕಡಮೆ ದರದ ಲಾಡ್ಜು ತೆರೆದು ದಾರಿ ತೋರಿಸಿದೆ. 2017ರಲ್ಲಿ ಇಂದಿರಾ ಕ್ಯಾಂಟೀನು ತೆರೆದು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡಲು ಹೊರಟ ಸರ್ಕಾರಕ್ಕೆ ಅಷ್ಟೇ ಮನಸ್ಸಿದ್ದರೆ ಹಾಸಿಗೆಯನ್ನೂ ಕೊಡಲು ಸಾಧ್ಯ.

ಮೂರನೆಯದು: 1,000 ರೂಪಾಯಿಯೊಳಗಿನ ಕೋಣೆಯ ಮೇಲಿನ ತೆರಿಗೆಯನ್ನು 2022ಕ್ಕೆ ಮುಂಚಿದ್ದಂತೆ ಪೂರ್ಣ ತೆಗೆಯಬೇಕು. ಆಸ್ಪತ್ರೆಯ ಚೀಟಿ ತೋರಿಸಿದವರಿಗೆ 90 ದಿನದ ನಿಬಂಧನೆಯನ್ನು ಸಡಿಲಿಸಬೇಕು.

ನಾಲ್ಕನೆಯದು: ದಿನಬಾಡಿಗೆಗೆ ಬಿಡುವ ಪ್ರತಿಯೊಂದು ಮನೆಯೂ ಪಾಲಿಕೆಯಲ್ಲಿ ನೋಂದಣಿಯಾಗಬೇಕು. ಆ ಮನೆಗಳಿಂದ ವಾಣಿಜ್ಯ ದರದ ತೆರಿಗೆ ವಸೂಲು ಮಾಡಿ, ಆ ಹಣವನ್ನು ಸಾರ್ವಜನಿಕ ಬಿಡಾರಗಳಿಗೇ ಮೀಸಲಿಡಬೇಕು. ಅಲ್ಲಿ ದುಡಿಯುವವರಿಗೆ ಕನಿಷ್ಠ ಕೂಲಿ, ವಾರದ ರಜೆ, ವರ್ಷದ ಸಂಬಳದ ರಜೆ ಕೊಟ್ಟದ್ದಕ್ಕೆ ಲೆಕ್ಕ ತೋರಿಸದವರಿಗೆ ಲೈಸೆನ್ಸು ಸಿಗಬಾರದು.

ಐದನೆಯದು: ಶಕ್ತಿ ಯೋಜನೆಯ ಜೊತೆಗೆ ಇಳಿದಾಣದ ಯೋಜನೆಯೂ ಸೇರಬೇಕು. ಮುಜರಾಯಿ ಇಲಾಖೆಯ ಛತ್ರಗಳಲ್ಲಿ ಜಾತಿ ಮತದ ಪ್ರಶ್ನೆಯಿಲ್ಲದೆ, ಶಿಫಾರಸು ಪತ್ರವಿಲ್ಲದೆ, ಮೊದಲು ಬಂದವರಿಗೆ ಮೊದಲು ಎಂಬ ನಿಯಮದಂತೆ ಕೋಣೆ ಸಿಗಬೇಕು.

ಇದಕ್ಕೆಲ್ಲ ದುಡ್ಡೆಲ್ಲಿದೆ ಎಂದು ಕೇಳುತ್ತಾರೆ. ಸಾಹೇಬರ ಬಂಗಲೆಗಳಿಗೆ ಸುಣ್ಣ ಬಳಿಯಲು ಪ್ರತಿ ವರ್ಷ ಎಲ್ಲಿಂದ ಬರುತ್ತದೆಯೋ ಅಲ್ಲಿಂದಲೇ ಬರಬೇಕು. 7,000 ರೂಪಾಯಿಯ ಕೋಣೆಗೆ ದಿನಕ್ಕೆ 490 ರೂಪಾಯಿ ಬಿಟ್ಟುಕೊಡಲು ಸಾಧ್ಯವಾದ ಬೊಕ್ಕಸಕ್ಕೆ 900 ರೂಪಾಯಿಯ ಕೋಣೆಯ 45 ರೂಪಾಯಿ ಬಿಡುವುದು ಕಷ್ಟವಾಗಲಾರದು.

ಈ ಬೇಡಿಕೆಗಳನ್ನು ಹಿಡಿದು ವಾರ್ಡು ವಾರ್ಡಿನಲ್ಲಿ ಸಹಿ ಸಂಗ್ರಹಿಸಬೇಕು. ತಾಲ್ಲೂಕಿನ ಪ್ರವಾಸಿ ಮಂದಿರಕ್ಕೆ ಹೋಗಿ ಕೋಣೆ ಕೊಡಿ ಎಂದು ಕೇಳಬೇಕು. ಕೊಡದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಬೇಕು. ಮುಂದಿನ ಚುನಾವಣೆಗೆ ಮತ ಕೇಳಲು ಶಿರಾ ಗೇಟಿನಲ್ಲಿ ಕೈ ಮುಗಿದು ನಿಲ್ಲುವ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೇ ಪ್ರಶ್ನೆ ಹಾಕಬೇಕು: ಸ್ವಾಮಿ, ಈ ಊರಿಗೆ ಬಂದ ಬಡವರು ಈ ರಾತ್ರಿ ಎಲ್ಲಿ ಮಲಗಬೇಕು? ಉತ್ತರ ಹೇಳಿದ ಮೇಲೆಯೇ ಮುಂದಿನ ಮಾತು.